ಮೊದಲ ಹಣ್ಣು ಬಾಯಿಗಲ್ಲ

ದೀಪಾವಳಿ ಮುಗಿದು ನಾಲ್ಕು ದಿನವಾಗಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಶಿಕ್ಷಕರ ಕೋಣೆಯಲ್ಲಿ ಎಲ್ಲರೂ ಡಬ್ಬಿ ಬಿಚ್ಚಿದ್ದೆವು. ನನ್ನ ಡಬ್ಬಿಯಲ್ಲಿ ಜೋಳದ ರೊಟ್ಟಿ, ಟೊಮ್ಯಾಟೊ ಚಟ್ನಿ. ಚಟ್ನಿಯ ರುಚಿ ನೋಡಿದ ಸಹೋದ್ಯೋಗಿಯೊಬ್ಬಳು “ಹುಳಿ ಎಷ್ಟು ಛಲೋ ಅದ!” ಎಂದಳು. “ನಮ್ಮ ಹಿತ್ತಲದ್ದು” ಎಂದು ನಾನು ಸ್ವಲ್ಪ ಜಂಭದಿಂದಲೇ ಹೇಳಿದೆ. ಅವಳು ಕನಿಕರದಿಂದ ನನ್ನ ಉಗುರುಗಳನ್ನು ನೋಡಿದಳು. “ಯಾಕ್ರೀ ಬಾಯಾರ, ಈ ವಯಸ್ಸಿನಾಗ ಇಷ್ಟು ಒದ್ದಾಡ್ತೀರಿ? ಪ್ಯಾಟ್ಯಾಗ ಹತ್ತು ರೂಪಾಯಿಗೆ ಕಿಲೋ ಸಿಗತಾವಲ್ಲ!”

ಈ ಮಾತು ನನಗೆ ಹೊಸದಲ್ಲ. ನಮ್ಮ ಯಜಮಾನರು ಇದನ್ನು ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಾರೆ. ಪುಣೆಯಲ್ಲಿ ನೌಕರಿ ಮಾಡುವ ಮಗ ಬಂದಾಗಲೆಲ್ಲ ಹೇಳುತ್ತಾನೆ. ನೆರೆಮನೆಯ ಸೊಸೆ ಗೋಡೆಯಾಚೆಯಿಂದ ಮರಾಠಿಯಲ್ಲಿ ಹೇಳುತ್ತಾಳೆ. ಇಷ್ಟು ಜನ ಒಂದೇ ಮಾತನ್ನು ಹೇಳುವಾಗ ಅದು ಸರಿಯೇ ಇರಬೇಕೆಂದು ನಾನೂ ಕೆಲವು ವರ್ಷ ನಂಬಿದ್ದೆ. ಹಾಗೆ ನಂಬಿ ಏನು ಕಳೆದುಕೊಂಡೆ ಎಂಬುದನ್ನು ಹೇಳುವುದಕ್ಕೇ ಈ ಬರಹ. ಓದುವ ಸೋದರಿಯರಿಗೆ ಸಿಟ್ಟು ಬಂದರೆ ಬರಲಿ.

ಮೊದಲು ಆ ಹತ್ತು ರೂಪಾಯಿಯ ಲೆಕ್ಕ ನೋಡೋಣ. ಅಂದು ಸಂಜೆ ಮನೆಗೆ ಬರುವಾಗ ಮೂರನೇ ರೈಲ್ವೆ ಗೇಟಿನ ಹತ್ತಿರ ತಳ್ಳುಗಾಡಿಯವನನ್ನು ಬೇಕಂತಲೇ ಕೇಳಿದೆ. “ಪಾವ್ ಕಿಲೋಕ್ಕ ಹದಿನೈದು, ಅಕ್ಕಾರ” ಎಂದ. ಅಂದರೆ ಕಿಲೋಗೆ ಅರವತ್ತು! ನನ್ನ ಸಹೋದ್ಯೋಗಿಗೆ ನೆನಪಿದ್ದದ್ದು ಸಂಕ್ರಾಂತಿಯ ಬೆಲೆ. ನಾವೆಲ್ಲ ಅಗ್ಗದ ತಿಂಗಳನ್ನು ನೆನಪಿಟ್ಟುಕೊಳ್ಳುತ್ತೇವೆ, ತುಟ್ಟಿಯ ತಿಂಗಳನ್ನು ಬೈದು ಮರೆತುಬಿಡುತ್ತೇವೆ. ಜುಲೈ-ಆಗಸ್ಟ್ ಮತ್ತು ಅಕ್ಟೋಬರ್-ನವೆಂಬರ್ ನಮ್ಮ ದೇಶದಲ್ಲಿ ಟೊಮ್ಯಾಟೊ ಬೆಳೆ ಕಡಿಮೆ ಬರುವ ತಿಂಗಳುಗಳು. ಇದನ್ನು 2023ರಲ್ಲಿ ಕೇಂದ್ರ ಸರಕಾರವೇ ಹೇಳಿತು. 2021ರ ನವೆಂಬರಿನಲ್ಲಿ ಅಕಾಲದ ಮಳೆಗೆ ಬೆಳೆ ಕೊಳೆತು ದಕ್ಷಿಣದ ಎಷ್ಟೋ ಊರುಗಳಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದ್ದು ನೆನಪಿದೆಯೇ? 2023ರ ಜುಲೈಯಲ್ಲಿ ಮತ್ತೆ ನೂರು ದಾಟಿ, ದಿಲ್ಲಿಯಂಥ ಊರುಗಳಲ್ಲಿ ಸರಕಾರವೇ ಗಾಡಿ ನಿಲ್ಲಿಸಿ ತೊಂಬತ್ತು ರೂಪಾಯಿಯಂತೆ ಮಾರಿತು. ಎರಡೇ ತಿಂಗಳು ಕಳೆದು ಸೆಪ್ಟೆಂಬರ್ ಬಂದಾಗ ಬೆಲೆ ಎಷ್ಟು ಕುಸಿಯಿತೆಂದರೆ ರೈತರು ಬುಟ್ಟಿ ಬುಟ್ಟಿಯನ್ನೇ ರಸ್ತೆಗೆ ಸುರಿದರು. ನಾವು ಅಗ್ಗವೆಂದು ಹಿಗ್ಗುವ ಹತ್ತು ರೂಪಾಯಿಯಲ್ಲಿ ಬೆಳೆದವನಿಗೆ ಹರಿದ ಕೂಲಿಯೂ ಹುಟ್ಟುವುದಿಲ್ಲ. ಅವನ ನಷ್ಟವನ್ನು ನನ್ನ ಉಳಿತಾಯವೆಂದು ಬರೆದುಕೊಳ್ಳುವ ಲೆಕ್ಕವನ್ನು ನಾನು ಮಕ್ಕಳಿಗೆ ಕಲಿಸಲಾರೆ.

ಈಗ ನನ್ನ ಲೆಕ್ಕ. ನಮ್ಮ ಹಿತ್ತಲು ಎಂಟು ಅಡಿ ಅಗಲ, ಹನ್ನೆರಡು ಅಡಿ ಉದ್ದ. ಅದರಲ್ಲಿ ತುಳಸಿಕಟ್ಟೆ, ಕರಿಬೇವು, ಬಟ್ಟೆ ಒಗೆಯುವ ಕಲ್ಲು ಕಳೆದು ಉಳಿದದ್ದರಲ್ಲಿ ಹನ್ನೆರಡು ಗಿಡ ಹಿಡಿಸುತ್ತವೆ. ನಾನು ಹಾಕುವುದು ಬೇಗ ಫಲ ಕೊಡುವ ಪೂಸಾ ರೂಬಿ ತಳಿ. ನಾಟಿ ಮಾಡಿದ ಅರವತ್ತು-ಅರವತ್ತೈದು ದಿನಕ್ಕೆ ಮೊದಲ ಹಣ್ಣು. ಇದಕ್ಕೆ ಪಂಚಾಂಗವೇ ಸಾಕು. ಶ್ರಾವಣ ಹುಟ್ಟಿದಾಗ ಬೀಜ ಹಾಕು, ಗಣಪತಿ ಹಬ್ಬಕ್ಕೆ ಅಗಿ ನೆಡು, ದೀಪಾವಳಿಯ ಪಾಡ್ಯಕ್ಕೆ ಮೊದಲ ಕೆಂಪು ಕಾಣು, ತುಳಸಿ ಲಗ್ನಕ್ಕೆ ಬುಟ್ಟಿ ತುಂಬ ಹರಿ. ಉಳಿದವರು ಮಳೆ ಪೂರಾ ಹೊರಪಾಗಲಿ ಎಂದು ಕಾದು ದಸರೆಯ ನಂತರ ನೆಟ್ಟರೆ ಅವರ ಹಣ್ಣು ಬರುವುದು ಸಂಕ್ರಾಂತಿಗೆ. ಅಷ್ಟರಲ್ಲಿ ಪೇಟೆಯಲ್ಲಿಯೂ ಟೊಮ್ಯಾಟೊ ಹೊಳೆ ಬಂದಿರುತ್ತದೆ. ಹಿತ್ತಲಿನಲ್ಲಿ ಬೆಳೆಯುವುದೇ ಆದರೆ ಪೇಟೆ ಕೈಬಿಟ್ಟ ತಿಂಗಳಲ್ಲಿ ಬರುವಂಥದ್ದನ್ನು ಬೆಳೆಯಬೇಕು. ಬೇಗ ಬರುವ ತಳಿಯ ಮಹಿಮೆ ಇಷ್ಟೇ.

ನಮ್ಮ ಬೆಳಗಾವಿಯ ಮಳೆ ಗೊತ್ತಲ್ಲ, ಶ್ರಾವಣದಲ್ಲಿ ಬೀಜ ಹಾಕುವುದೆಂದರೆ ಸ್ವಲ್ಪ ಯುಕ್ತಿ ಬೇಕು. ಪಡಸಾಲೆಯ ಮೂಲೆಯಲ್ಲಿ, ಬೆಳಕು ಬಿದ್ದು ಹನಿ ಬೀಳದ ಜಾಗದಲ್ಲಿ ಹಣ್ಣಿನ ಕ್ರೇಟಿನಲ್ಲಿ ಮಣ್ಣು-ಗೊಬ್ಬರ ತುಂಬಿ ಬೀಜ ಹಾಕುತ್ತೇನೆ. ಅದರ ಮೇಲೆ ನನ್ನ ಹಳೆಯ ವಾಯಲ್ ಸೀರೆಯ ತುಂಡು ಹೊದಿಸುತ್ತೇನೆ, ಬಿಳಿನೊಣ ಕೂಡ್ರಬಾರದೆಂದು. ಎಲೆ ಮುದುಡುವ ರೋಗವನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಅದೇ ನೊಣ. ಇಪ್ಪತ್ತೈದು ದಿನಕ್ಕೆ ಅಗಿ ಗೇಣುದ್ದವಾಗುತ್ತದೆ. ನೆಲದಲ್ಲಿ ಮೊಣಕೈ ಎತ್ತರದ ಮಣ್ಣಿನ ದಿಬ್ಬ ಮಾಡಿ, ಕೆಳಗಿನ ಎಲೆಗಳನ್ನು ಚಿವುಟಿ, ಕಾಂಡದ ಅರ್ಧ ಮಣ್ಣಿನೊಳಗೆ ಹೋಗುವಂತೆ ನೆಡಬೇಕು. ಹೂತ ಕಾಂಡವೆಲ್ಲ ಬೇರು ಬಿಡುತ್ತದೆ. ದಿಬ್ಬವಿದ್ದರೆ ನೀರು ನಿಲ್ಲುವುದಿಲ್ಲ. ನಡುನಡುವೆ ಚೆಂಡುಹೂವಿನ ಗಿಡ, ಕಾಯಿಕೊರಕದ ಪತಂಗ ಅದಕ್ಕೆ ಮೊದಲು ಮರುಳಾಗುತ್ತದೆ, ದೀಪಾವಳಿಯ ಪೂಜೆಗೆ ಹೂವೂ ಆಗುತ್ತದೆ. ಹೋದ ವರ್ಷ ಬದನೆ, ಮೆಣಸಿನಕಾಯಿ ಇದ್ದ ಜಾಗದಲ್ಲಿ ಹಾಕಬಾರದು, ಅವೆಲ್ಲ ಒಂದೇ ಗೋತ್ರದವು, ಒಂದರ ರೋಗ ಇನ್ನೊಂದಕ್ಕೆ. ಮುದುಡಿದ ಗಿಡ ಕಂಡರೆ ಕರುಣೆ ತೋರದೆ ಕಿತ್ತು ಸುಡಬೇಕು. 2021ರ ಆ ಮಳೆಯಲ್ಲಿ ನನ್ನ ಹನ್ನೆರಡರಲ್ಲಿ ಮೂರು ಗಿಡ ಹೋದವು. ಉಳಿದ ಒಂಬತ್ತು ಗಿಡಗಳಿಂದ ಸಂಕ್ರಾಂತಿಯ ತನಕ ಹನ್ನೊಂದು ಕಿಲೋ ತೂಗಿ ಬರೆದಿಟ್ಟಿದ್ದೇನೆ. ಇದರಿಂದ ಯಾರೂ ಶ್ರೀಮಂತರಾಗುವುದಿಲ್ಲ, ಒಪ್ಪಿದೆ. ಆದರೆ ಆ ನವೆಂಬರಿನಲ್ಲಿ ನಮ್ಮ ಮನೆಯ ಸಾರಿಗೆ ಹುಳಿ ಕಡಿಮೆಯಾಗಲಿಲ್ಲ.

ಇಷ್ಟಾದರೂ ಇದು ಹಣದ ಜಗಳವಲ್ಲ. ಅಸಲು ಜಗಳ ಬೀಜದ್ದು. ಅದನ್ನು ಹೇಳಲು ನನ್ನ ಅತ್ತೆಯ ಸುದ್ದಿ ಹೇಳಬೇಕು.

1993ರಲ್ಲಿ ನಾನು ಈ ಮನೆಗೆ ಸೊಸೆಯಾಗಿ ಬಂದೆ. ಖಾನಾಪುರ ತಾಲ್ಲೂಕಿನ ಹಳ್ಳಿಯಿಂದ ನೌಕರಿಗಾಗಿ ಅನಗೋಳಕ್ಕೆ ಬಂದ ಮನೆತನ. ಅತ್ತೆ ಬರುವಾಗ ಬೀಸುಕಲ್ಲು ತಂದಿದ್ದರು, ಜೊತೆಗೆ ಒಂದು ಮಣ್ಣಿನ ಗಡಿಗೆ. ಅದರೊಳಗೆ ಬೂದಿಯಲ್ಲಿ ಹೊರಳಿಸಿ ಬಟ್ಟೆಯಲ್ಲಿ ಕಟ್ಟಿದ ಗಂಟುಗಳು: ಹೀರೆ, ಅವರೆ, ಬದನೆ, ಟೊಮ್ಯಾಟೊ. ಅವರ ಜವಾರಿ ಟೊಮ್ಯಾಟೊ ಚಪ್ಪಟೆ, ಮೈಯೆಲ್ಲ ಗೀರು ಗೀರು, ತೊಗಟೆ ತೆಳು. ತೊಟ್ಟಿನ ಸುತ್ತ ಹೆಗಲ ಮೇಲೆ ಹಸಿರು ಹಾಗೇ ಉಳಿಯುತ್ತಿತ್ತು. ಗಣಪತಿಗೆ ನೆಟ್ಟರೆ ದೀಪಾವಳಿಗೆ ಬರುತ್ತಿತ್ತು. ಮೊದಲ ಹಣ್ಣು ಕೆಂಪಾದಾಗ ನಾನು ಹೊಸ ಸೊಸೆ, ಆಸೆಯಿಂದ ಕೈ ಹಾಕಿದೆ. ಅತ್ತೆ ಕೈ ಹಿಡಿದರು.

“ಮೊದಲನೇ ಹಣ್ಣು ಬಾಯಿಗಲ್ಲವಾ, ಬೀಜಕ್ಕ. ಮೊದಲಿಂದು ತಿಂದು ಕಡೀದ್ದು ಬೀಜಕ್ಕ ಇಟ್ಟಿ ಅಂದ್ರ ಗಿಡ ತಡಾ ಮಾಡೂದ ಕಲೀತದ.”

ಅಕ್ಷರ ಬಾರದ ಹೆಂಗಸಿನ ಮೂಢನಂಬಿಕೆ ಎಂದುಕೊಂಡೆ. ಬಿಎ ಬಿಎಡ್ ಮುಗಿಸಿದವಳು ನಾನು! ಅವರು ಮಾಡುತ್ತಿದ್ದದ್ದು ತಳಿ ಆಯ್ಕೆ ಎಂದು ತಿಳಿಯುವ ಹೊತ್ತಿಗೆ ಅವರು ಇರಲಿಲ್ಲ. ಹಳ್ಳಿಯ ಬೀಜವೆಂದರೆ ಒಂದೇ ಅಚ್ಚಿನದಲ್ಲ, ಅದರಲ್ಲಿ ಬೇಗ ಬರುವವು, ತಡವಾಗಿ ಬರುವವು ಬೆರೆತಿರುತ್ತವೆ. ಪ್ರತಿ ವರ್ಷ ಬೇಗ ಬಂದ ಗಿಡದ ಬೀಜವನ್ನೇ ಇಡುತ್ತ ಹೋದರೆ ಮನೆಯ ಬೀಜ ಮಳೆಗೂ ಹಬ್ಬಕ್ಕೂ ಹೊಂದಿಕೊಳ್ಳುತ್ತದೆ. ಅವರ ಅತ್ತೆ, ಅವರ ಅತ್ತೆಯ ಅತ್ತೆ ಹಾಗೆ ಮಾಡಿದ್ದರು.

ಅತ್ತೆ 1999ರಲ್ಲಿ ತೀರಿಕೊಂಡರು. ಮರುವರ್ಷ ನಾನು ಪೇಟೆಯಿಂದ ಹೈಬ್ರಿಡ್ ಬೀಜದ ಪೊಟ್ಟಣ ತಂದೆ. ಚಿತ್ರದಲ್ಲಿ ಗುಂಡಗೆ, ಹೆಗಲೂ ಕೆಂಪಗೆ, ಒಂದರಂತೆ ಒಂದು ಹಣ್ಣು. ನಿಜಕ್ಕೂ ಹಾಗೇ ಬಂದವು, ಬಹಳ ಬಂದವು. ಬಂಧುಗಳಿಗೆಲ್ಲ ಹಂಚಿ ಮೆರೆದೆ. ಹಸಿರು ಹೆಗಲಿನ ಜವಾರಿಯನ್ನು ಮುಂದಿನ ವರ್ಷ ಹಾಕಿದರಾಯಿತೆಂದು ಬಿಟ್ಟೆ. ಅದರ ಮುಂದಿನ ವರ್ಷವೂ ಬಿಟ್ಟೆ. ನಾಲ್ಕನೆಯ ಅಥವಾ ಐದನೆಯ ವರ್ಷ ಗಡಿಗೆ ಬಿಚ್ಚಿ ಗಂಟಿನ ಬೀಜ ಹಾಕಿದರೆ ಒಂದೂ ಮೊಳೆಯಲಿಲ್ಲ. ಗಡಿಗೆಯನ್ನು ಬಚ್ಚಲ ಹತ್ತಿರ ಇಟ್ಟಿದ್ದೆ, ಪಸೆ ತಾಗಿತ್ತು. ಹಳ್ಳಿಗೆ ಹೋಗಿ ನಾದಿನಿಯನ್ನು, ಮನೆಮನೆಯಲ್ಲಿ ಮುದುಕಿಯರನ್ನು ಕೇಳಿದೆ. ಎಲ್ಲರೂ ನನ್ನಂತೆಯೇ ಪೊಟ್ಟಣ ತಂದಿದ್ದರು! ಆ ಬೀಜವನ್ನು ಕೊಂದವರು ಯಾವ ಪರದೇಶದವರೂ ಅಲ್ಲ, ಕಲಿತ ಸೊಸೆ ನಾನು.

ಆಮೇಲೆ ಹೈಬ್ರಿಡ್ ಹಣ್ಣಿನದೇ ಬೀಜ ಹಿಡಿದು ಹಾಕಿದೆ. ಒಂದು ಗಿಡ ಆಳೆತ್ತರ, ಒಂದು ಗಿಡ್ಡ, ಒಂದರಲ್ಲಿ ಗೋಲಿಯಂಥ ಕಾಯಿ, ಒಂದರಲ್ಲಿ ಕಾಯೇ ಇಲ್ಲ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ನಕ್ಕು, “ಹತ್ತನೇ ಕ್ಲಾಸಿನ ಮೆಂಡಲ್ ಮರತ್ರೇನು?” ಎಂದರು. ಎರಡು ಬೇರೆ ತಳಿಗಳನ್ನು ಕೂಡಿಸಿದ ಮೊದಲ ಪೀಳಿಗೆ ಒಂದೇ ಸಮ ಇರುತ್ತದೆ, ಎರಡನೆಯದು ಚೆದುರಿ ಹೋಗುತ್ತದೆ. ಅಂದರೆ ಪ್ರತಿ ವರ್ಷ ಪೊಟ್ಟಣ ಕೊಳ್ಳಲೇಬೇಕು. 1973ರಲ್ಲಿ ಬೆಂಗಳೂರಿನ ಬೀಜದ ಕಂಪನಿಯೊಂದು ಹೊರತಂದ ಹೈಬ್ರಿಡ್ ಟೊಮ್ಯಾಟೊದ ಹೆಸರೇ ‘ಕರ್ನಾಟಕ’. ಆಗಿನಿಂದ ಈ ದಾರಿ ಅಗಲವಾಗುತ್ತಲೇ ಬಂದಿದೆ.

ಆ ಪೊಟ್ಟಣದ ಬೀಜ ಹೇಗೆ ತಯಾರಾಗುತ್ತದೆ ಎಂದು ಯೋಚಿಸಿದ್ದೀರಾ? ನಾನೂ ಯೋಚಿಸಿರಲಿಲ್ಲ. ರಾಣೆಬೆನ್ನೂರಿನ ಹತ್ತಿರದ ಹಳ್ಳಿಗೆ ಮದುವೆಗೆ ಹೋದಾಗ ನೋಡಿದೆ. ಹಾವೇರಿ ಜಿಲ್ಲೆಯ ಆ ಭಾಗ ತರಕಾರಿಯ ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದದ್ದು. ಬಿಳಿ ಪರದೆಯೊಳಗೆ ಸಾಲುಸಾಲು ಟೊಮ್ಯಾಟೊ ಗಿಡ, ಪ್ರತಿ ಸಾಲಿನಲ್ಲಿ ಹೆಣ್ಣುಮಕ್ಕಳು. ನಾಳೆ ಅರಳುವ ಮೊಗ್ಗನ್ನು ಇಂದೇ ಗುರುತಿಸಿ, ಚಿಮಟದಿಂದ ಬಿಡಿಸಿ, ಒಳಗಿನ ಕೇಸರವನ್ನೆಲ್ಲ ಕಿತ್ತು ತೆಗೆಯಬೇಕು, ನಡುವಿನ ಶಲಾಕೆಗೆ ಪೆಟ್ಟಾಗಬಾರದು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಪರಾಗವನ್ನು ಒಂದೊಂದು ಹೂವಿಗೂ ಮುಟ್ಟಿಸಬೇಕು. ಆದದ್ದಕ್ಕೆ ಗುರುತಾಗಿ ಹೂವಿನ ಹಸಿರು ದಳ ಕತ್ತರಿಸಬೇಕು. ಹೀಗೆ ದಿನಕ್ಕೆ ನೂರಾರು ಹೂವು. ಗಂಡಸರ ಬೆರಳಿಗೆ ಇದು ಬಗ್ಗುವುದಿಲ್ಲವಂತೆ. ನಾನು ಒಬ್ಬ ಹೆಣ್ಣುಮಗಳನ್ನು ಕೇಳಿದೆ, “ಈ ಬೀಜ ನಿಮ್ಮ ಮನೀಗೂ ಒಯ್ತೀರೇನವಾ?” ಅವಳು ನಕ್ಕಳು. “ನಮಗ್ಯಾಕ ಕೊಡ್ತಾರ್ರೀ? ಎಲ್ಲಾ ತೂಕ ಮಾಡಿ ಒಯ್ತಾರ.” ಹೆಣ್ಣಿನ ಬೆರಳೇ ಮಾಡಿದ ಬೀಜ ಹೆಣ್ಣಿನ ಗಡಿಗೆಗೆ ಬಾರದು. ಇದನ್ನು ನೋಡಿ ಬಂದ ಮೇಲೆ ಪೇಟೆಯ ಪೊಟ್ಟಣ ಮುಟ್ಟುವಾಗ ನನಗೆ ಆ ನಗು ನೆನಪಾಗುತ್ತದೆ.

2001ರಲ್ಲಿ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬಂತು. ಅದರ 39ನೆಯ ಕಲಮಿನ ಪ್ರಕಾರ ರೈತರು ತಮ್ಮ ಬೆಳೆಯ ಬೀಜವನ್ನು ಇಟ್ಟುಕೊಳ್ಳಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ಬ್ರ್ಯಾಂಡಿನ ಹೆಸರು ಹಾಕದೆ ಮಾರಲೂಬಹುದು. ಒಳ್ಳೆಯ ಕಾಯ್ದೆ. ಆದರೆ ಹೈಬ್ರಿಡ್ ಬೀಜಕ್ಕೆ ಕಾಯ್ದೆ ಅಡ್ಡ ಬರಬೇಕಾಗಿಯೇ ಇಲ್ಲ, ಅದು ತಾನೇ ಎರಡನೆಯ ವರ್ಷ ಕೈಕೊಡುತ್ತದೆ. ಹಕ್ಕು ಕಾಗದದಲ್ಲಿ ಉಳಿಯುತ್ತದೆ, ಗಡಿಗೆ ಖಾಲಿಯಾಗುತ್ತದೆ.

ಇನ್ನು ಆ ಹಸಿರು ಹೆಗಲಿನ ಮಾತು. ಹೆಗಲು ಕೆಂಪಾಗದ ಹಣ್ಣು ಚೆಂದವಲ್ಲವೆಂದು ನಾನು ತಾತ್ಸಾರ ಮಾಡಿದ್ದೆ. ಪೇಟೆಯೂ ಹಾಗೆಯೇ ಮಾಡಿತು. ಸುಮಾರು ಎಪ್ಪತ್ತು ವರ್ಷ ಜಗತ್ತಿನ ತಳಿತಜ್ಞರು ಒಂದೇ ಸಮ ಕೆಂಪಾಗುವ ಹಣ್ಣನ್ನೇ ಆಯ್ದುಕೊಂಡು ಬಂದರು. 2012ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಸಂಶೋಧಕರು ಅದರ ಗುಟ್ಟು ಪ್ರಕಟಿಸಿದರು. ಕಾಯಿಯ ಆ ಹಸಿರು ಎಲೆಯ ಹಸಿರಿನಂತೆಯೇ ಬಿಸಿಲುಂಡು ಸಕ್ಕರೆ ಮಾಡುತ್ತದೆ; ಒಂದೇ ಸಮ ಕೆಂಪಾಗಲೆಂದು ಆಯ್ದ ತಳಿಗಳಲ್ಲಿ ಅದನ್ನು ಮಾಡಿಸುವ ಗುಣವೇ ಕೆಟ್ಟುಹೋಗಿದೆ. ನೋಡಲು ಚೆಂದವಾಗಲೆಂದು ಸಿಹಿಯನ್ನು ಬಿಟ್ಟುಕೊಟ್ಟಂತಾಯಿತು! ದಪ್ಪ ತೊಗಟೆಯೂ ಹಾಗೆಯೇ. ಲಾರಿಯಲ್ಲಿ ನೂರಾರು ಮೈಲು ಉರುಳಿ ಹೋಗುವ ಹಣ್ಣಿಗೆ ಅದು ಬೇಕು. ನನ್ನ ಗಿಡದಿಂದ ಒಲೆಗೆ ಹದಿನಾಲ್ಕು ಹೆಜ್ಜೆ. ಅಷ್ಟು ದೂರಕ್ಕೆ ಲಾರಿಯ ತೊಗಟೆ ಯಾಕೆ?

ಹಾಗೆಂದು ನಾನು ಹೈಬ್ರಿಡ್ ಎಂದ ಕೂಡಲೇ ಕಲ್ಲೆಸೆಯುವವಳಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಕೂಡ ಹೈಬ್ರಿಡ್ಡೇ. ಎಲೆ ಮುದುಡುವ ರೋಗ, ಸೊರಗು ರೋಗ, ಎಲೆಚುಕ್ಕೆಯ ಅಂಗಮಾರಿ ಮೂರನ್ನೂ ತಡೆಯುವಂತೆ ಮಾಡಿದ ತಳಿ ಅದು. ಎರಡು ಎಕರೆ ಟೊಮ್ಯಾಟೊ ನಂಬಿ ಸಾಲ ಮಾಡಿದ ರೈತನಿಗೆ ಅದು ಆಧಾರ, ಅವನಿಗೆ ಜವಾರಿ ಹಾಕೆಂದು ಉಪದೇಶ ಮಾಡಲು ನನಗೇನು ಅಧಿಕಾರ? ನನ್ನ ಪೂಸಾ ರೂಬಿಯೂ ಹುಟ್ಟಾ ಜವಾರಿಯಲ್ಲ. ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಅಮೆರಿಕದ ‘ಸೂ’ ಎಂಬ ತಳಿಯನ್ನು ಮೇರಠಿನ ಹೆಸರಿನ ತಳಿಯೊಂದಿಗೆ ಕೂಡಿಸಿ, ಪೀಳಿಗೆ ಪೀಳಿಗೆ ಆಯ್ದು ಸ್ಥಿರ ಮಾಡಿದ್ದು. ಟೊಮ್ಯಾಟೊ ಎಂಬುದೇ ದಕ್ಷಿಣ ಅಮೆರಿಕದಿಂದ ಬಂದದ್ದು. ಬಂಗಾಳದವರು ಅದನ್ನು ವಿಲಾಯತಿ ಬದನೆ ಎಂದೇ ಕರೆದರು. ಊರು ಯಾವುದಾದರೇನು? ನಾನು ಬೀಜ ಹಿಡಿದರೆ ಮುಂದಿನ ವರ್ಷ ಅದೇ ಹಣ್ಣು ಬರುತ್ತದೆ, ನೀವು ಕೇಳಿದರೆ ಕೊಡಬಹುದು. ನನ್ನ ಮಟ್ಟಿಗೆ ಜವಾರಿತನವೆಂದರೆ ಅದು. ನಮ್ಮ ನೆರೆಮನೆಯ ಮುದುಕಿ ಅದನ್ನೇ ಮರಾಠಿಯಲ್ಲಿ ‘ಗಾವಠಿ’ ಎನ್ನುತ್ತಾಳೆ. ಭಾಷೆಯ ಗಡಿ ಎಷ್ಟಿದ್ದರೂ ಗೋಡೆಯ ಮೇಲಿಂದ ಅಗಿ ಕೊಟ್ಟು ತೆಗೆದುಕೊಳ್ಳುವುದಕ್ಕೆ ನಮಗಿಬ್ಬರಿಗೂ ಏನೂ ತೊಡಕಾಗಿಲ್ಲ.

ಆ ಮುದುಕಿಯ ಮನೆಗೆ ಒಂದು ಕಾಲಕ್ಕೆ ಅನಗೋಳದ ಹೊರಗೆ ಭತ್ತದ ಗದ್ದೆ ಇತ್ತು. ಈಗ ಅಲ್ಲಿ ನಿವೇಶನದ ಕಲ್ಲುಗಳಿವೆ. ಅನಗೋಳ, ವಡಗಾವ, ಶಹಾಪುರದ ಸುತ್ತಿನ ಫಲವತ್ತಾದ ನೆಲ ಹಲಗಾ-ಮಚ್ಛೆ ಬೈಪಾಸಿಗೆ ಹೋಗುವುದನ್ನು ತಡೆಯಲು ರೈತರು ವರ್ಷಗಟ್ಟಲೆ ಹೋರಾಡಿದ್ದು ನಮಗೆಲ್ಲ ಗೊತ್ತು. ಅಲ್ಲಿ ಸರಕಾರ, ನ್ಯಾಯಾಲಯ, ದೊಡ್ಡವರ ವ್ಯವಹಾರ. ಆದರೆ ನಮ್ಮ ಹಿತ್ತಲಿಗೆ ಯಾವ ಬೈಪಾಸ್ ಬಂದಿತ್ತು? ನಮ್ಮ ಓಣಿಯ ಇಪ್ಪತ್ತೆರಡು ಮನೆಗಳಲ್ಲಿ ಮಣ್ಣು ಕಾಣುವ ಹಿತ್ತಲು ಉಳಿದದ್ದು ಐದು. ಉಳಿದವರೆಲ್ಲ ತಾವೇ ದುಡ್ಡು ಕೊಟ್ಟು ಪೇವರ್ ಬ್ಲಾಕ್ ಹಾಕಿಸಿದರು. ಕಾರಣ ಕೇಳಿದರೆ “ಕೆಸರಾಗತದ್ರೀ” ಅಥವಾ “ಗಾಡಿ ನಿಂದ್ರಸಾಕ”.

ನಮ್ಮ ಮನೆಯಲ್ಲೂ ಆ ಗಳಿಗೆ ಬಂತು. ಎರಡು ವರ್ಷದ ಹಿಂದೆ ಮಗ ಕಾರು ತೆಗೆದುಕೊಂಡ. ಪುಣೆಯಿಂದಲೇ ಫೋನಿನಲ್ಲಿ ಪೇವರಿನವನೊಂದಿಗೆ ಮಾತಾಡಿ ದರವನ್ನೂ ಕುದುರಿಸಿದ್ದ. “ಅವ್ವಾ, ಹಿತ್ತಲಾ ಪೂರಾ ಮಾಡಸೂಣು. ನಿನಗ ಮ್ಯಾಲೆ ಟೆರೇಸಿನ್ಯಾಗ ನಾಕು ಕುಂಡಿ ತಂದುಕೊಡ್ತೀನಿ.” ಯಜಮಾನರು ತಲೆಯಾಡಿಸಿದರು. ಇಬ್ಬರೂ ಒಳ್ಳೆಯವರೇ, ನನ್ನ ಮೊಣಕಾಲು ನೋವಿನ ಚಿಂತೆಯೂ ಅವರಿಗಿತ್ತು. ಆದರೆ ನಿರ್ಧಾರವಾದ ಮೇಲೆ ನನಗೆ ತಿಳಿಸಿದರು. ಮೂವತ್ತು ವರ್ಷ ಅದೇ ನೆಲದಲ್ಲಿ ಕುಳಿತೆದ್ದವಳು ನಾನು. ಸಂಬಳ ತಂದು ಈ ಮನೆಯ ಸಾಲದ ಕಂತು ಅರ್ಧ ಕಟ್ಟಿದವಳೂ ನಾನೇ. “ನಿಮ್ಮ ಗಾಡಿ ವರ್ಷಕ್ಕ ಹನ್ನೆರಡು ದಿನಾ ಬರತದ. ನನ್ನ ಗಿಡಾ ಆರು ತಿಂಗಳಾ ಇರತಾವ. ಗಾಡಿ ರಸ್ತಾದಾಗ ನಿಂದರಲಿ” ಎಂದೆ. ಮದುವೆಯಾದಾಗಿನಿಂದ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಎಂಟು ದಿನ ಮನೆಯಲ್ಲಿ ಮಾತು ಕಡಿಮೆಯಿತ್ತು. ಪೇವರಿನವ ಬರಲಿಲ್ಲ. ಈಗಲೂ ಮಗ ಬಂದಾಗ ಕಾರು ಹೊರಗೇ ನಿಲ್ಲುತ್ತದೆ, ಅವನ ಮುಖ ಸ್ವಲ್ಪ ದಪ್ಪಗೇ ಇರುತ್ತದೆ. ಇರಲಿ.

ಸೋದರಿಯರೇ, ನಮ್ಮಲ್ಲಿ ಎಷ್ಟೋ ಜನರಿಗೆ ಹೊಲದ ಪಹಣಿಯಲ್ಲಿ ಹೆಸರಿಲ್ಲ. ಮನೆಯ ಉತಾರದಲ್ಲೂ ಇಲ್ಲ. ಯಾರ ಸಹಿಯೂ ಬೇಡದೆ ನಮ್ಮದೆಂದು ನಡೆದು ಬಂದದ್ದು ಹಿತ್ತಲು ಮತ್ತು ಬೀಜದ ಗಡಿಗೆ. ಅವೆರಡನ್ನೂ ನಾವೇ ‘ಪ್ಯಾಟ್ಯಾಗ ಸಿಗತಾವ’ ಎಂದು ಬಿಟ್ಟುಕೊಟ್ಟರೆ ಯಾರನ್ನು ದೂರುವುದು? ಹಿತ್ತಲೇ ಇಲ್ಲದವರು ಬಕೆಟ್ಟಿನಲ್ಲಿ ಎರಡು ಗಿಡ ಹಾಕಿ. ಆರು ತಾಸು ಬಿಸಿಲು ಬಿದ್ದರೆ ಸಾಕು. ಇದ್ದವರು ಮಾತ್ರ ದಯವಿಟ್ಟು ಮಣ್ಣು ಮುಚ್ಚಬೇಡಿ.

ಬೀಜ ಹಿಡಿಯುವುದು ಕಷ್ಟವಲ್ಲ. ಟೊಮ್ಯಾಟೊ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಆದ್ದರಿಂದ ಸಣ್ಣ ಹಿತ್ತಲಲ್ಲೂ ತಳಿ ಕೆಡುವುದಿಲ್ಲ. ಎಲ್ಲಕ್ಕಿಂತ ಬೇಗ ಬಂದ, ರೋಗವಿಲ್ಲದ ಗಿಡದ ಮೊದಲ ಹಣ್ಣಿಗೆ ಕೆಂಪು ದಾರ ಕಟ್ಟಿ. ಯಾರ ಕೈಯೂ ಮುಟ್ಟದಿರಲಿ. ಪೂರಾ ಕಳಿತ ಮೇಲೆ ಕತ್ತರಿಸಿ ಬೀಜವನ್ನು ಲೋಳೆಯ ಸಮೇತ ಲೋಟದಲ್ಲಿ ಹಿಂಡಿ ಎರಡು-ಮೂರು ದಿನ ಹುಳಿಯಲು ಬಿಡಿ. ವಾಸನೆ ಬರುತ್ತದೆ, ಸೈರಿಸಿ. ನೀರು ಹೊಯ್ದರೆ ಗಟ್ಟಿ ಬೀಜ ತಳ ಸೇರುತ್ತದೆ, ಜೊಳ್ಳು ತೇಲುತ್ತದೆ. ತೊಳೆದು ನೆರಳಿನಲ್ಲಿ ತಾಟಿನ ಮೇಲೆ ಒಣಗಿಸಿ, ಕಾಗದದಲ್ಲಿ ಮಡಚಿ, ತಳಿಯ ಹೆಸರು, ವರ್ಷ ಬರೆದು, ಪಸೆ ತಾಗದ ಡಬ್ಬಿಯಲ್ಲಿಡಿ. ಒಂದು ಗ್ರಾಮಿನಲ್ಲಿ ಮುನ್ನೂರರಷ್ಟು ಬೀಜ ಇರುತ್ತವೆ, ಒಂದು ಓಣಿಗೆ ಸಾಕು. ಮತ್ತೆ, ಮೊದಲ ಮಾತು ಮರೆಯಬೇಡಿ: ಎಲ್ಲವನ್ನೂ ಒಂದೇ ಮನೆಯಲ್ಲಿ ಇಡಬೇಡಿ. ನಾನು ಹಾಗೆ ಇಟ್ಟೇ ಅತ್ತೆಯ ಬೀಜ ಕಳೆದೆ. ಇಬ್ಬರಿಗಾದರೂ ಕೊಟ್ಟಿರಿ, ನಿಮ್ಮದು ಹೋದರೆ ಕೇಳಿ ತರಬಹುದು.

ಈ ವರ್ಷದ ಮೊದಲ ಹಣ್ಣಿನ ಬೀಜವನ್ನು ಹತ್ತು ಪುಡಿ ಕಟ್ಟಿದ್ದೇನೆ. ಒಂದು ನೆರೆಯ ಮುದುಕಿಗೆ, ಒಂದು ನಾದಿನಿಗೆ, ಆರು ನನ್ನ ಏಳನೇ ಕ್ಲಾಸಿನ ಹುಡುಗಿಯರಿಗೆ. ಒಂಬತ್ತನೆಯದನ್ನು ಆ ಹತ್ತು ರೂಪಾಯಿಯ ಸಹೋದ್ಯೋಗಿಯ ಡಬ್ಬಿಯ ಪಕ್ಕ ಇಟ್ಟೆ. “ನಮ್ಮದು ಮೂರನೇ ಮಜಲಾ ಫ್ಲ್ಯಾಟರೀ ಬಾಯಾರ” ಎಂದು ಗೊಣಗಿದಳು. ಆದರೆ ಸಂಜೆ ಹೋಗುವಾಗ ಪುಡಿಯನ್ನು ಪರ್ಸಿಗೆ ಹಾಕಿಕೊಂಡಳು, ನಾನು ನೋಡಿದೆ.

ಹತ್ತನೆಯದು ಗಡಿಗೆಯಲ್ಲಿದೆ. ಗಡಿಗೆ ಈಗ ಬಚ್ಚಲ ಹತ್ತಿರ ಇಲ್ಲ.